‘ಮಾನಭಂಗ’ವೆಂಬ ಮಾತಿನ ವಿಮರ್ಶೆ

ವಿಜಯಪುರದ ಪಡುವಲಿಗಿರುವ ತೊರವಿಯು ಕುಮಾರವಾಲ್ಮೀಕಿಯ ರಾಮಾಯಣದ ದೆಸೆಯಿಂದ ಕನ್ನಡ ನಾಡಿಗೆಲ್ಲ ಪರಿಚಿತವಾದ ಊರು. ಇಂದು ಅದೇ ತೊರವಿಯಲ್ಲಿ ಅಕ್ಕಮಹಾದೇವಿಯ ಹೆಸರನ್ನು ಹೊತ್ತ ಮಹಿಳಾ ವಿಶ್ವವಿದ್ಯಾಲಯವು ನೆಲೆಗೊಂಡಿರುತ್ತದೆ. ಇಟ್ಟಂಗಿಹಾಳ, ತಿಕೋಟಾ, ಬಬಲೇಶ್ವರ ಮೊದಲಾದ ಊರುಗಳ ಮನೆಗಳಿಂದ ಹೆಣ್ಣುಮಕ್ಕಳು ಪುಸ್ತಕ ಹಿಡಿದು ಹೊರಡುವುದು ಈಗ ಯಾರಿಗೂ ಸೋಜಿಗವಲ್ಲ. ಆದರೆ ಅದೇ ಮನೆಗಳಲ್ಲಿ, ಬೆಳಗಿನ ವೃತ್ತಪತ್ರಿಕೆಯ ಮೂಲೆಯಲ್ಲಿ ‘ಮಾನಭಂಗ’ ಎಂಬ ಪದವು ಕಣ್ಣಿಗೆ ಬಿದ್ದಾಗ ಹಿರಿಯರು ಪತ್ರಿಕೆಯನ್ನು ಮಡಚಿ ಇಡುವುದುಂಟು. ಆ ಪದದ ಅರ್ಥವೇನೆಂದು ಮಗಳು ಕೇಳಿದರೆ ಉತ್ತರ ದೊರೆಯುವುದಿಲ್ಲ. ತಂದೆಯು ಕೆಮ್ಮುತ್ತಾನೆ, ತಾಯಿಯು ಒಲೆಯ ಕಡೆಗೆ ಹೋಗುತ್ತಾಳೆ. ಪದವು ಅಚ್ಚಾಗಬಹುದು, ಬಾಯಿಂದ ಹೊರಡಬಾರದು ಎಂಬ ಈ ನಿಯಮವು ಎಲ್ಲಿಂದ ಬಂದಿತು, ಅದರಿಂದ ಲಾಭ ಯಾರಿಗೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

ವಿಮರ್ಶೆಯು ಕಾವ್ಯ ನಾಟಕಗಳಿಗೆ ಮಾತ್ರ ಸಲ್ಲತಕ್ಕದ್ದೆಂದು ಭಾವಿಸುವವರಿಗೆ ಇದು ಅಪ್ರಸ್ತುತವಾಗಿ ತೋರಬಹುದು. ಆದರೆ ಶಬ್ದವೂ ಅರ್ಥವೂ ಹೊಂದಿಕೊಂಡಿರುವುದೇ ಸಾಹಿತ್ಯದ ಲಕ್ಷಣವೆಂದು ಆಲಂಕಾರಿಕರು ಒಪ್ಪಿರುವರು. ಹೀಗಿರಲು, ಜನರು ದಿನವೂ ಬಳಸುವ ಶಬ್ದವೊಂದು ತನ್ನ ಅರ್ಥಕ್ಕೆ ದ್ರೋಹವೆಸಗುತ್ತಿದ್ದರೆ ಅದನ್ನು ತೋರಿಸಿಕೊಡುವುದೂ ವಿಮರ್ಶೆಯ ಧರ್ಮವೇ ಸರಿ. ಲೈಂಗಿಕ ಹಿಂಸೆಯನ್ನು ತಡೆಯಲಿಕ್ಕೂ ಅದಕ್ಕೆ ಈಡಾದವರಿಗೆ ಆಸರೆಯಾಗಲಿಕ್ಕೂ ಸಂಸ್ಥೆಗಳನ್ನು ಕಟ್ಟಿ ನಡೆಸುವ ಜನರು ಈ ನಾಡಿನಲ್ಲಿದ್ದಾರೆ. ಅವರ ಕಾರ್ಯವನ್ನು ದೊಡ್ಡ ಪುಣ್ಯವೆಂದು ಹೊಗಳಿ ಮುಂದೆ ಹೋಗುವುದು ರೂಢಿಯಾಗಿದೆ. ಆ ಕಾರ್ಯದ ತಿರುಳನ್ನು ನೋಡಿದರೆ, ಅವರು ದಿನಬೆಳಗಾದರೆ ತಿದ್ದುತ್ತಿರುವುದು ತಪ್ಪಾಗಿ ರಚಿತವಾದ ಒಂದು ವಾಕ್ಯವನ್ನು ಎಂಬುದು ಕಂಡುಬರುತ್ತದೆ.

ಮೊದಲು ಪದಗಳ ವಿಚಾರ. ‘ಮಾನ’ವೆಂಬುದಕ್ಕೆ ಅಳತೆ, ಗೌರವ, ಅಭಿಮಾನ ಎಂಬ ಅರ್ಥಗಳುಂಟು, ‘ಭಂಗ’ವೆಂದರೆ ಮುರಿಯುವಿಕೆ. ಕೂಡಿಸಿದರೆ ಗೌರವವು ಮುರಿದದ್ದು ಎಂದಾಯಿತು. ಯಾರ ಗೌರವ? ಅಪರಾಧ ಮಾಡಿದವನ ಗೌರವವೆಂದು ಈ ಪದವನ್ನು ಯಾರೂ ಅರ್ಥಮಾಡುವುದಿಲ್ಲ. ಕಳ್ಳನು ಮನೆಯನ್ನು ಹೊಕ್ಕು ಒಡವೆಯನ್ನೊಯ್ದರೆ ಮಾನ ಹೋಗುವುದು ಕಳ್ಳನದು. ಒಡವೆಯನ್ನು ಕಳಕೊಂಡ ಗೃಹಸ್ಥನು ಅಂಗಳದಲ್ಲಿ ನಿಂತು ಗಟ್ಟಿಯಾಗಿ ಕೂಗಬಹುದು. ನೆರೆಯವರು ಕಂದೀಲು ಹಿಡಿದು ಓಡಿಬರುತ್ತಾರೆ. ಈ ಒಂದು ಅಪರಾಧದಲ್ಲಿ ಮಾತ್ರ ಮಾನ ಹೋಗುವುದು ಪೆಟ್ಟು ತಿಂದವಳದು. ಆಕೆ ಕೂಗಿದಷ್ಟೂ ಇನ್ನಷ್ಟು ಹೋಗುತ್ತದೆಂದು ಜನರು ಹೇಳುತ್ತಾರೆ. ‘ಶೀಲಭಂಗ’ವು ಇದಕ್ಕಿಂತಲೂ ಅನ್ಯಾಯದ ಪದ. ಶೀಲವೆಂದರೆ ನಡತೆ. ಒಬ್ಬರ ನಡತೆಯನ್ನು ಕೆಡಿಸಿಕೊಳ್ಳುವ ಅಧಿಕಾರವು ಅವರಿಗೊಬ್ಬರಿಗೇ ಇರತಕ್ಕದ್ದು. ಮತ್ತೊಬ್ಬನ ದುಷ್ಕೃತ್ಯದಿಂದ ತನ್ನ ಶೀಲ ಮುರಿಯಿತೆಂಬುದು ತರ್ಕಕ್ಕೂ ನಿಲ್ಲುವುದಿಲ್ಲ, ಧರ್ಮಕ್ಕೂ ನಿಲ್ಲುವುದಿಲ್ಲ.

‘ಅತ್ಯಾಚಾರ’ವೆಂದರೆ ಆಚಾರವನ್ನು ಮೀರಿದ್ದು. ಹಿಂದಿಯಲ್ಲಿ ಆ ಪದಕ್ಕೆ ದಬ್ಬಾಳಿಕೆ, ಪೀಡನೆ ಎಂಬ ಅರ್ಥವಿದ್ದರೆ ಕನ್ನಡ ಪತ್ರಿಕೆಗಳಲ್ಲಿ ಅದು ಈ ಒಂದು ಅಪರಾಧದ ಹೆಸರಾಗಿಯೇ ನಿಂತಿದೆ. ಆಚಾರದ ಮಾತು ಮುಂದಾದಲ್ಲಿ ಹಿಂಸೆಯ ಮಾತು ಹಿಂದಾಗುವುದು ಸಹಜ. ಇವೆಲ್ಲವುಗಳಲ್ಲಿ ‘ಬಲಾತ್ಕಾರ’ವು ತಕ್ಕಮಟ್ಟಿಗೆ ಋಜುವಾದ ಪದ, ಬಲದಿಂದ ಮಾಡಿದ್ದು ಎಂದು ಅದು ಹೇಳುವುದರಿಂದ ಮಾಡಿದವನೊಬ್ಬನು ಇದ್ದಾನೆಂಬುದು ಮರೆಯಾಗುವುದಿಲ್ಲ. ಆದರೆ ಬಲವೆಂದರೆ ತೋಳಬಲವೊಂದೇ ಎಂದು ತಿಳಿಯಬಾರದು. ಹೊಲದೊಡೆಯನ ಬಲ, ಬಂಧುವಿನ ಬಲ, ಅಧಿಕಾರಿಯ ಬಲ, ದೇವರ ಹೆಸರಿನ ಬಲ ಇವೂ ಬಲಗಳೇ. ೧೮೬೦ರ ದಂಡಸಂಹಿತೆಯು ಸ್ತ್ರೀಯ ಮೇಲಿನ ಒಂದು ಬಗೆಯ ಹಲ್ಲೆಯನ್ನು ಹೇಳುವಾಗ ಆಕೆಯ ಲಜ್ಜೆಗೆ ಧಕ್ಕೆಯೆಂಬ ಅರ್ಥದ ಇಂಗ್ಲಿಷು ಪದವನ್ನು ಬಳಸಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯ ೭೪ನೆಯ ಕಲಮಿನಲ್ಲಿಯೂ ಆ ಪದವು ಹಾಗೆಯೇ ಉಳಿದಿದೆ. ಸಂಹಿತೆಯ ಹೆಸರು ಬದಲಾಯಿತು, ಲಜ್ಜೆಯು ಮಾತ್ರ ಹೆಂಗಸಿನ ತಲೆಯ ಮೇಲಿಂದ ಇಳಿಯಲಿಲ್ಲ.

ಪದದ ದೋಷಕ್ಕಿಂತ ವಾಕ್ಯದ ದೋಷವು ಸೂಕ್ಷ್ಮವಾದದ್ದು. ‘ಯುವತಿಯು ಅತ್ಯಾಚಾರಕ್ಕೆ ಒಳಗಾದಳು’ ಎಂದು ಪತ್ರಿಕೆಗಳು ಬರೆಯುತ್ತವೆ. ವ್ಯಾಕರಣದ ದೃಷ್ಟಿಯಿಂದ ಇಲ್ಲಿ ಕರ್ತೃಪದವು ಯಾವುದು? ಯುವತಿ. ‘ಒಳಗಾದಳು’ ಎಂಬ ಕ್ರಿಯೆಯನ್ನು ಮಾಡಿದವಳು ಆಕೆಯೇ! ‘ಬಾಲಕಿಯ ಮೇಲೆ ಅತ್ಯಾಚಾರ ನಡೆಯಿತು’ ಎಂಬುದು ಇನ್ನೊಂದು ರೂಪ. ಜಾತ್ರೆ ನಡೆಯಿತು, ಮದುವೆ ನಡೆಯಿತು, ಸಭೆ ನಡೆಯಿತು ಎಂಬಂತೆ ಇದೂ ತಾನಾಗಿ ನಡೆಯಿತು. ಎರಡು ವಾಕ್ಯಗಳಲ್ಲಿಯೂ ಮಾಡಿದವನಿಗೆ ಸ್ಥಾನವಿಲ್ಲ. ನ್ಯಾಯಾಲಯವು ತೀರ್ಪು ಕೊಡುವ ಮೊದಲು ಯಾರನ್ನೂ ಅಪರಾಧಿಯೆಂದು ಕರೆಯಬಾರದೆಂಬುದು ಯುಕ್ತವೇ. ಆದರೆ ‘ಇಂತಹವನು ಈ ಕೃತ್ಯವನ್ನು ಮಾಡಿದನೆಂಬ ಆರೋಪವಿದೆ’ ಎಂದು ಬರೆಯಲು ಸಾಮಾನ್ಯವಾಗಿ ಯಾವ ಕಾಯಿದೆಯೂ ಅಡ್ಡಬರುವುದಿಲ್ಲ. ಕರ್ತೃಪದವು ಲೋಪವಾದ ವಾಕ್ಯವನ್ನು ನೂರು ಸಲ ಓದಿದ ಊರು, ನೊಂದವಳು ಬಾಗಿಲಿಗೆ ಬಂದಾಗ ‘ಯಾರು ಏನು ಮಾಡಿದರು?’ ಎಂದು ಕೇಳದೆ ‘ನೀನೇಕೆ ಅಲ್ಲಿಗೆ ಹೋಗಿದ್ದೆ?’ ಎಂದು ಕೇಳುತ್ತದೆ. ವ್ಯಾಕರಣದ ತಪ್ಪು ಹೀಗೆ ನ್ಯಾಯದ ತಪ್ಪಾಗಿ ಪರಿಣಮಿಸುತ್ತದೆ.

ಶಾಸ್ತ್ರವು ಈ ವಿಷಯದಲ್ಲಿ ನಿರ್ದಯವಾಗಿತ್ತೆಂದು ಕೆಲವರು ಹೇಳುವರು. ಅದು ಪೂರ್ಣ ಸತ್ಯವಲ್ಲ. ಬಲಾತ್ಕಾರಕ್ಕೀಡಾದ ಹೆಂಡತಿಯನ್ನಾಗಲಿ, ಕಳ್ಳರ ಕೈಗೆ ಸಿಕ್ಕವಳನ್ನಾಗಲಿ ತ್ಯಜಿಸಕೂಡದೆಂದು ವಸಿಷ್ಠ ಧರ್ಮಸೂತ್ರವು ಸ್ಪಷ್ಟವಾಗಿ ವಿಧಿಸಿರುತ್ತದೆ. ಹೆಣ್ಣನ್ನು ಮನೆಯಿಂದ ಹೊರಗೆ ಹಾಕಿ ಶಾಸ್ತ್ರದ ಹೆಸರು ಹೇಳುವವರು ಈ ವಚನವನ್ನು ನೋಡಿರಲಾರರು. ಆದರೂ ವಿಮರ್ಶಕನು ಇಲ್ಲಿಗೇ ತೃಪ್ತನಾಗಲಾಗದು. ತ್ಯಜಿಸಬೇಡವೆಂದು ಹೇಳುವ ಆ ವಚನವೂ ಆಕೆಯನ್ನು ‘ದೂಷಿತೆ’ ಎಂದೇ ಕರೆದಿದೆ, ಅಂದರೆ ಕೊಳೆಯಾದವಳು. ಮೇಲಾಗಿ ಆ ಮಾತು ಗಂಡನಿಗೆ ಹೇಳಿದ್ದು, ಇಟ್ಟುಕೊಳ್ಳುವ ಬಿಡುವ ಅಧಿಕಾರವುಳ್ಳವನಿಗೆ ಹೇಳಿದ್ದು. ಆಕೆಗೆ ಹೇಳಿದ ಮಾತು ಅಲ್ಲಿ ಒಂದೂ ಇಲ್ಲ. ಕರುಣೆಯಿಂದ ಆಡಿದ ಮಾತಿನಲ್ಲಿಯೂ ಕೊಳೆಯು ಆಕೆಯ ಮೈಮೇಲೆಯೇ ಉಳಿಯಿತು.

ಇದೇ ಗತಿಯು ಅಹಲ್ಯೆಗೂ ಒದಗಿತು. ವಾಲ್ಮೀಕಿಯ ಬಾಲಕಾಂಡದಲ್ಲಿ ಬಂದವನು ಇಂದ್ರನೆಂದು ಆಕೆ ಅರಿತಿದ್ದಳು. ಶಾಪದಿಂದ ಆಕೆ ಕಲ್ಲಾಗಲಿಲ್ಲ, ಯಾರ ಕಣ್ಣಿಗೂ ಬೀಳದೆ ಬೂದಿಯಲ್ಲಿ ಮಲಗಿ ತಪಸ್ಸು ಮಾಡುತ್ತಿದ್ದಳು. ಅನಂತರದ ಅನೇಕ ಕಥನಗಳಲ್ಲಿ ಆಕೆ ಏನೂ ಅರಿಯದೆ ಮೋಸಹೋದವಳಾದಳು, ಜೊತೆಗೆ ಕಲ್ಲೂ ಆದಳು. ವಾಚಕರು ಇದನ್ನು ಗಮನಿಸಬೇಕು: ಆಕೆಯ ತಪ್ಪು ಕಡಿಮೆಯಾದಂತೆ ಶಿಕ್ಷೆಯು ಹೆಚ್ಚಾಗಿದೆ. ನೊಂದವಳು ನಿರ್ದೋಷಿಯೆಂದು ಒಪ್ಪಿಕೊಂಡ ಮೇಲೂ ಆಕೆ ಮಾತಾಡದೆ ಬಿದ್ದಿರಬೇಕೆಂದು, ಮಹಾತ್ಮನೊಬ್ಬನು ಬಂದು ಉದ್ಧರಿಸುವವರೆಗೆ ಕಾದಿರಬೇಕೆಂದು ಲೋಕವು ಬಯಸಿತು.

ದ್ರೌಪದಿಯು ಹಾಗೆ ಕಾಯಲಿಲ್ಲ. ಪ್ರಾತಿಕಾಮಿಯು ಕರೆಯಲು ಬಂದಾಗ ಆಕೆ ಅವನ ಕೈಯಲ್ಲಿ ಸಭೆಗೆ ಒಂದು ಪ್ರಶ್ನೆಯನ್ನು ಕಳುಹಿಸಿದಳು: ಧರ್ಮರಾಜನು ಮೊದಲು ತನ್ನನ್ನು ಸೋತನೋ, ಪತ್ನಿಯನ್ನು ಸೋತನೋ? ಮೊದಲು ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಪಣವಾಗಿಡುವ ಅಧಿಕಾರವುಂಟೆ? ಭೀಷ್ಮನು ಧರ್ಮವು ಸೂಕ್ಷ್ಮವೆಂದು ಹೇಳಿ ಜಾರಿಕೊಂಡನು. ವಿಕರ್ಣನು ಆಕೆಯ ಪಕ್ಷವನ್ನು ಹಿಡಿದನು. ಆದರೆ ಈ ಪ್ರಸಂಗವನ್ನು ಕೇಳಿ ಬೆಳೆದ ಜನರ ನೆನಪಿನಲ್ಲಿ ಉಳಿದದ್ದು ಮುಗಿಯದ ಸೀರೆಯೇ ಹೊರತು ಉತ್ತರ ಸಿಗದ ಪ್ರಶ್ನೆಯಲ್ಲ. ಪವಾಡವು ಪ್ರಶ್ನೆಯನ್ನು ಮುಚ್ಚಿಬಿಟ್ಟಿತು. ದ್ರೌಪದಿಯು ಅಂದು ಕೇಳಿದ್ದು ಕನಿಕರವನ್ನಲ್ಲ, ತೀರ್ಪನ್ನು. ಇಂದಿಗೂ ನೊಂದವರು ಕೇಳುತ್ತಿರುವುದು ಅದನ್ನೇ.

ಕನ್ನಡಕ್ಕೆ ಇನ್ನೊಂದು ಸಾಕ್ಷಿಯುಂಟು. ಡಾ. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿದ್ದು ಜೀವಮಾನವಿಡೀ ವಚನದ ಓಲೆಗರಿಗಳನ್ನು ಹುಡುಕಿ ಅಚ್ಚುಹಾಕಿಸಿದ್ದನ್ನು ಈ ಜಿಲ್ಲೆಯ ವಾಚಕರು ಬಲ್ಲರು. ಹನ್ನೆರಡನೆಯ ಶತಮಾನದ ವಚನಕಾರ್ತಿಯರಲ್ಲಿ ಸೂಳೆ ಸಂಕವ್ವೆ ಎಂಬವಳೊಬ್ಬಳು. ಆಕೆಯ ವಚನವು ಒಂದೇ ದೊರೆತಿದೆ; ಆಕೆಯ ಅಂಕಿತವು ‘ನಿರ್ಲಜ್ಜೇಶ್ವರ’. ಲೋಕವು ಯಾವ ಲಜ್ಜೆಯನ್ನು ತನ್ನ ಮೇಲೆ ಹೊರಿಸಿತೋ ಆ ಲಜ್ಜೆಯೇ ಇಲ್ಲದ ದೇವರನ್ನು ಆಕೆ ಆರಿಸಿಕೊಂಡಳು. ಆ ಒಂದು ಸಮಾಸದಲ್ಲಿರುವ ಧೈರ್ಯವು ಅನೇಕ ಮಹಾಪ್ರಬಂಧಗಳಲ್ಲಿಲ್ಲ. ತನ್ನ ಹೆಸರಿನ ಹಿಂದಿನ ಪದವನ್ನು ಆಕೆ ಅಡಗಿಸಲಿಲ್ಲ. ಶರಣರೂ ಆಕೆಯನ್ನು ಬೇರೆ ಕೂಡಿಸಲಿಲ್ಲ.

ಈ ಕಾಲದ ಕಾದಂಬರಿಗಳು ಈ ಮಟ್ಟಿಗೆ ಹೋದದ್ದು ವಿರಳ. ಎಂ. ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ಯು ಪುಟ್ಟಣ್ಣ ಕಣಗಾಲರ ಕೈಯಲ್ಲಿ ಚಲಚ್ಚಿತ್ರವಾದಾಗ ಜನರು ಕಣ್ಣೀರು ಸುರಿಸಿ ನೋಡಿದರು, ಚಿತ್ರದ ಕೊನೆಯಲ್ಲಿ ನಾಯಿಕೆಯು ಸಾಯುತ್ತಾಳೆ. ಅದರ ಸದುದ್ದೇಶವನ್ನು ಸಂಶಯಿಸಬೇಕಾದ್ದಿಲ್ಲ. ಆದರೆ ನೊಂದ ಹೆಣ್ಣು ಸತ್ತರೆ ಮಾತ್ರ ಪ್ರೇಕ್ಷಕನಿಗೆ ನಿರಾಳವಾಗುವಂತಿದ್ದರೆ, ಬದುಕಿ ಉಳಿದವಳಿಗೆ ಆತನು ಎಲ್ಲಿ ಸ್ಥಳ ಕೊಟ್ಟಾನು? ಶಿವರಾಮ ಕಾರಂತರ ‘ಮೈಮನಗಳ ಸುಳಿಯಲ್ಲಿ’ ಕಾದಂಬರಿಯ ಮಂಜುಳೆಯು ತನ್ನ ಬಾಳನ್ನು ತಾನೇ ಬರೆದಿಡುತ್ತಾಳೆ. ಅಷ್ಟರಮಟ್ಟಿಗೆ ಅಲ್ಲಿ ಕರ್ತೃಪದವು ಆಕೆಯದು. ಕರುಣದ ಸ್ಥಾಯಿಯು ಶೋಕ, ವೀರದ ಸ್ಥಾಯಿಯು ಉತ್ಸಾಹ ಎಂದು ಭರತಮುನಿಯು ವಿಂಗಡಿಸಿರುವನು. ಕರುಣವೂ ರಸವಾದ್ದರಿಂದ ಅದರಲ್ಲಿ ನೋಡುವವನಿಗೆ ಒಂದು ಬಗೆಯ ಆನಂದವಿದೆ. ರಂಗಭೂಮಿಯಲ್ಲಿ ಅದು ಸಲ್ಲುವುದು. ಜೀವಂತ ಹೆಣ್ಣಿನ ಮುಂದೆ ಕುಳಿತು ಆ ಆನಂದವನ್ನು ಸವಿಯುವುದು ಮಾತ್ರ ಒಂದು ಬಗೆಯ ಕ್ರೌರ್ಯವೇ ಆಗಿದೆ.

ಇಷ್ಟು ಪೀಠಿಕೆಯಿಂದ ಈ ಸೀಮೆಯದೇ ಆದ ಒಂದು ಉದಾಹರಣೆಗೆ ಬರಬಹುದು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೊದಲಾದ ಜಿಲ್ಲೆಗಳಲ್ಲಿ ಬಡ ದಲಿತ ಮನೆಗಳ ಹೆಣ್ಣುಕೂಸುಗಳನ್ನು ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ದೇವದಾಸಿಯರನ್ನಾಗಿ ಮಾಡುವ ಪದ್ಧತಿಯು ಬಹುಕಾಲ ನಡೆದುಬಂದಿತು. ಇದಕ್ಕೆ ಜನರು ಇಟ್ಟ ಹೆಸರು ‘ಮುತ್ತು ಕಟ್ಟುವುದು’. ಎಷ್ಟು ಸುಂದರವಾದ ಮಾತು! ಅದರ ಹಿಂದಿನ ಸಂಗತಿಯು ಏನೆಂದರೆ, ಏಳೆಂಟು ವರುಷದ ಕೂಸಿಗೆ ದೇವರೊಡನೆ ಮದುವೆಯೆಂದು ಹೇಳಿ, ಅದು ಮೈನೆರೆದ ಮೇಲೆ ಉಳ್ಳವನೊಬ್ಬನಿಗೆ ಒಪ್ಪಿಸುವುದು. ಇನ್ನೊಂದು ಮಾತು ‘ದೇವರಿಗೆ ಬಿಟ್ಟರು’ ಎಂಬುದು. ಕೋಣವನ್ನು ಬಿಟ್ಟರು, ಗೂಳಿಯನ್ನು ಬಿಟ್ಟರು, ಮಗಳನ್ನು ಬಿಟ್ಟರು: ಮೂರಕ್ಕೂ ಕ್ರಿಯಾಪದವು ಒಂದೇ. ಬಿಟ್ಟವರು ಯಾರು? ಬಹುವಚನದಲ್ಲಿ ಎಲ್ಲರೂ ಅಡಗಿಕೊಂಡರು. ಮದುವೆಯ ಹೆಸರಿನಲ್ಲಿ, ದೇವಿಯ ಹೆಸರಿನಲ್ಲಿ ನಡೆದ ಈ ಹಿಂಸೆಯನ್ನು ಹಿಂಸೆಯೆಂದು ಕರೆಯಲು ಪದವೇ ಇಲ್ಲದಂತಾಯಿತು.

ಕಾಯಿದೆಯು ಇದನ್ನು ಮುಟ್ಟಲಿಲ್ಲವೆಂದಲ್ಲ. ಈ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದಾಗಲೇ ೧೯೩೪ರಲ್ಲಿ ದೇವದಾಸಿಯರ ರಕ್ಷಣೆಗೆಂದು ಒಂದು ಕಾಯಿದೆಯಾಯಿತು. ೧೯೮೨ರ ಕರ್ನಾಟಕದ ಕಾಯಿದೆಯು, ಹೆಣ್ಣಿನ ಸಮ್ಮತಿಯಿರಲಿ ಇಲ್ಲದಿರಲಿ ಇಂತಹ ಸಮರ್ಪಣೆಯು ಅಸಿಂಧುವೆಂದು ಸಾರಿತು. ಹಾಗೆ ಬಿಡಲ್ಪಟ್ಟವಳು ಮದುವೆಯಾದರೆ ಆ ಮದುವೆಯು ಸಿಂಧುವೆಂದೂ ಹೇಳಿತು. ಆದರೂ ೧೯೯೩–೯೪ರಲ್ಲಿಯೂ ೨೦೦೭–೦೮ರಲ್ಲಿಯೂ ಸರಕಾರವು ನಡೆಸಿದ ಎರಡು ಸಮೀಕ್ಷೆಗಳಿಂದ ಒಟ್ಟು ೪೬,೬೬೦ ಮಂದಿ ಲೆಕ್ಕಕ್ಕೆ ಸಿಕ್ಕರು. ಕಾಗದದ ಮೇಲೆ ಅಸಿಂಧುವಾದದ್ದು ಹಟ್ಟಿಯಲ್ಲಿ ಸಿಂಧುವಾಗಿಯೇ ಇದ್ದಿತು. ಏಕೆಂದರೆ ಕಾಯಿದೆಯ ಮಾತು ಹಟ್ಟಿಯ ಬಾಯಿಗೆ ಬಂದಿರಲಿಲ್ಲ.

ಅದನ್ನು ತಂದವರಲ್ಲಿ ಸೀತವ್ವ ಜೋಡಟ್ಟಿಯವರು ಮುಖ್ಯರು. ಬೆಳಗಾವಿ ಜಿಲ್ಲೆಯ ಈ ಮಹಿಳೆಯು ತಾವೇ ಏಳನೆಯ ವಯಸ್ಸಿನಲ್ಲಿ ದೇವರಿಗೆ ಬಿಡಲ್ಪಟ್ಟವರು. ಮೈರಾಡಾ ಸಂಸ್ಥೆಯ ಆಶ್ರಯದಲ್ಲಿ ಬೆಳೆದ ಕೆಲಸವು ೧೯೯೭ರಲ್ಲಿ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ಯಾಗಿ ಘಟಪ್ರಭೆಯಲ್ಲಿ ಸ್ವತಂತ್ರವಾಗಿ ನಿಂತಿತು. ಅದನ್ನು ಜನರು ‘ಮಾಸ್’ ಎಂದು ಕರೆಯುತ್ತಾರೆ. ಈ ಸಂಸ್ಥೆಯ ವಿಶೇಷವು ಏನೆಂದರೆ, ಸದಸ್ಯರಾಗಿ ಕೂಡಿದವರೂ ನಡೆಸುವವರೂ ಆ ಪದ್ಧತಿಯಿಂದ ಹೊರಬಂದ ಹೆಂಗಸರೇ. ಸ್ವಸಹಾಯ ಸಂಘಗಳನ್ನು ಕಟ್ಟುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು, ಮುತ್ತು ಕಟ್ಟುವ ಸುಳಿವು ಸಿಕ್ಕಲ್ಲಿಗೆ ಹೋಗಿ ತಡೆಯುವುದು ಅವರ ಕೆಲಸ. ೨೦೧೮ರಲ್ಲಿ ಭಾರತ ಸರಕಾರವು ಸೀತವ್ವನವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಇಲ್ಲಿ ನಾಯಕತ್ವವೆಂಬುದರ ಅರ್ಥವನ್ನು ಕೂಲಂಕಷವಾಗಿ ನೋಡಬೇಕು. ಹೊರಗಿನಿಂದ ಬಂದ ಸುಶಿಕ್ಷಿತನೊಬ್ಬನು ‘ಇದು ಅನ್ಯಾಯ’ ಎಂದರೆ ಹಟ್ಟಿಯ ಮುದುಕಿಯು ‘ದೇವಿಯ ಇಚ್ಛೆ’ ಎಂದು ಉತ್ತರಿಸಿ ಬಾಗಿಲು ಹಾಕಿಕೊಳ್ಳಬಹುದು. ಅದೇ ಕೊರಳಿಗೆ ಅದೇ ಮುತ್ತು ಕಟ್ಟಿಸಿಕೊಂಡಿದ್ದ ಹೆಂಗಸು ಹೊಸ್ತಿಲ ಮೇಲೆ ಕುಳಿತು ‘ಯವ್ವಾ, ಇದು ದೇವಿ ಮಾಡಿದ್ದಲ್ಲ, ಮಂದಿ ಮಾಡಿದ್ದು’ ಎಂದರೆ ಬಾಗಿಲು ಹಾಕಲು ಬರುವುದಿಲ್ಲ. ಆ ಒಂದು ವಾಕ್ಯದಲ್ಲಿ ಲೋಪವಾಗಿದ್ದ ಕರ್ತೃಪದವು ತನ್ನ ಸ್ಥಾನಕ್ಕೆ ಮರಳಿತು. ಕರ್ತೃವು ದೊರೆತ ಮೇಲೆ ಕ್ರಿಯೆಯನ್ನು ತಡೆಯುವುದು ಸಾಧ್ಯ. ದೇವಿಯ ಮೇಲೆ ಫಿರ್ಯಾದಿಲ್ಲ, ಮಂದಿಯ ಮೇಲೆ ಉಂಟು. ಇಂತಹ ಮಾತಿಗೆ ಈ ಜಿಲ್ಲೆಯೂ ಅಪರಿಚಿತವಲ್ಲ. ೧೯೮೯ರಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಕಾರ್ಯಕ್ರಮವು ಕರ್ನಾಟಕದಲ್ಲಿ ಮೊದಲು ಕಾಲಿಟ್ಟ ಜಿಲ್ಲೆಗಳಲ್ಲಿ ಅಂದಿನ ಬಿಜಾಪುರವೂ ಒಂದು. ಅಕ್ಷರವರಿಯದ ಹೆಂಗಸರು ಸಂಘದಲ್ಲಿ ಸುತ್ತುಗಟ್ಟಿ ಕುಳಿತು ಮನೆಯೊಳಗಿನ ಪೆಟ್ಟನ್ನು ಪೆಟ್ಟೆಂದು ಹೇಳಲು ಅಲ್ಲಿ ಕಲಿತರು.

ಬೇರೆಡೆಯ ಸಂಸ್ಥೆಗಳ ಹೆಸರುಗಳೂ ವಿಚಾರಾರ್ಹವಾಗಿವೆ. ಮೈಸೂರಿನಲ್ಲಿ ಸ್ಟ್ಯಾನ್ಲಿ ಮತ್ತು ಪರಶುರಾಮ್ ಎಂಬ ಇಬ್ಬರು ಪತ್ರಕರ್ತರು, ಮಾರಾಟಕ್ಕೀಡಾದ ಹೆಂಗಸರಿಗೂ ಮಕ್ಕಳಿಗೂ ಆಸರೆಯಾಗಿ ಕಟ್ಟಿದ ಸಂಸ್ಥೆಯ ಹೆಸರು ‘ಒಡನಾಡಿ’. ಉದ್ಧಾರಕನೆಂದು ಕರೆದುಕೊಳ್ಳದೆ ಜೊತೆಗೆ ನಡೆಯುವವನೆಂದು ಕರೆದುಕೊಂಡದ್ದು ಔಚಿತ್ಯವನ್ನರಿತವರ ಆಯ್ಕೆ. ಬೆಂಗಳೂರಿನಲ್ಲಿ ಹುಟ್ಟಿದ ಸುನೀತಾ ಕೃಷ್ಣನ್ ಅವರು ೧೯೯೬ರಲ್ಲಿ ಹೈದರಾಬಾದಿನಲ್ಲಿ ‘ಪ್ರಜ್ವಲಾ’ ಸಂಸ್ಥೆಯನ್ನು ಸ್ಥಾಪಿಸಿದರು. ಹದಿನೈದನೆಯ ವಯಸ್ಸಿನಲ್ಲಿ ತಮ್ಮ ಮೇಲೆ ಹಲವರು ಎಸಗಿದ ಬಲಾತ್ಕಾರವನ್ನು ಅವರು ತಮ್ಮ ಹೆಸರಿನಿಂದಲೇ ಬಹಿರಂಗವಾಗಿ ಹೇಳಿರುವರು. ಆ ಬಳಿಕ ಜನರು ತಮ್ಮನ್ನು ನೋಡಿದ ರೀತಿಯೂ ಒಂದು ಗಾಯವೇ ಆಯಿತೆಂಬುದನ್ನು ಅವರು ಮುಚ್ಚಿಟ್ಟಿಲ್ಲ. ಕರ್ನಾಟಕ ಸರಕಾರದ ‘ಸಾಂತ್ವನ’ ಕೇಂದ್ರಗಳು, ಕೇಂದ್ರ ಸರಕಾರದ ‘ಸಖಿ’ ಕೇಂದ್ರಗಳು ಇವುಗಳ ಹೆಸರುಗಳೂ ಮೃದುವಾಗಿವೆ. ಸಾಂತ್ವನವು ಅಗತ್ಯವೇ, ಆದರೆ ಸಮಾಧಾನಪಡಿಸಿ ಮನೆಗೆ ಕಳುಹಿಸುವುದಕ್ಕೂ ಸಮಾಧಾನಪಡಿಸಿ ನ್ಯಾಯದ ಬಾಗಿಲವರೆಗೆ ಜೊತೆಗೆ ಹೋಗುವುದಕ್ಕೂ ಬಹಳ ಅಂತರವಿದೆ.

ಮಾತನ್ನು ತಿದ್ದಿದರೆ ಕೃತ್ಯವು ನಿಲ್ಲುವುದೇ ಎಂಬ ಆಕ್ಷೇಪಣೆಯು ಬರಬಹುದು. ಅದಕ್ಕೆ ಇತಿಹಾಸವೇ ಉತ್ತರ ಕೊಡುತ್ತದೆ. ೧೯೭೨ರಲ್ಲಿ ಮಹಾರಾಷ್ಟ್ರದ ಒಂದು ಪೊಲೀಸು ಠಾಣೆಯಲ್ಲಿ ಆದಿವಾಸಿ ಬಾಲೆಯೊಬ್ಬಳ ಮೇಲೆ ಬಲಾತ್ಕಾರವಾಯಿತೆಂಬ ಮೊಕದ್ದಮೆಯಲ್ಲಿ, ಆಕೆಯ ಮೈಮೇಲೆ ಗಾಯದ ಗುರುತಿಲ್ಲವೆಂಬುದನ್ನೂ ಎಣಿಸಿ ಸರ್ವೋಚ್ಚ ನ್ಯಾಯಾಲಯವು ಆರೋಪಿಗಳಾದ ಪೊಲೀಸರನ್ನು ಬಿಡುಗಡೆ ಮಾಡಿತು. ೧೯೭೯ರಲ್ಲಿ ಉಪೇಂದ್ರ ಬಕ್ಷಿ, ವಸುಧಾ ಧಗಮವಾರ, ರಘುನಾಥ ಕೇಳಕರ, ಲೋತಿಕಾ ಸರಕಾರ ಎಂಬ ನಾಲ್ವರು ಕಾನೂನು ಅಧ್ಯಾಪಕರು ನ್ಯಾಯಾಲಯಕ್ಕೆ ಒಂದು ಬಹಿರಂಗ ಪತ್ರವನ್ನು ಬರೆದರು. ಸುಮ್ಮನಿರುವುದು ಬೇರೆ, ಸಮ್ಮತಿಸುವುದು ಬೇರೆ ಎಂಬುದೇ ಅದರ ತಿರುಳು. ಎರಡು ಪದಗಳ ಅರ್ಥವ್ಯತ್ಯಾಸವನ್ನು ಹಿಡಿದು ಹೊರಟ ಆ ವಾದದಿಂದ ದೇಶದಲ್ಲಿ ಚಳುವಳಿಯೆದ್ದು ೧೯೮೩ರಲ್ಲಿ ಕಾಯಿದೆಯು ತಿದ್ದುಪಡಿಯಾಯಿತು. ೨೦೧೩ರ ತಿದ್ದುಪಡಿಯು ಸಮ್ಮತಿಯೆಂದರೇನೆಂಬುದನ್ನು ನಿರೂಪಿಸಿ, ಮೈಯಿಂದ ಪ್ರತಿಭಟಿಸಲಿಲ್ಲವೆಂಬ ಮಾತ್ರಕ್ಕೆ ಸಮ್ಮತಿಸಿದಳೆಂದು ಎಣಿಸಬಾರದೆಂದಿತು. ೨೦೨೩ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವೇ, ಸ್ತ್ರೀಯರನ್ನು ಕುರಿತು ತೀರ್ಪುಗಳಲ್ಲಿ ಬಳಸಬಾರದ ಪದಗಳನ್ನು ಪಟ್ಟಿಮಾಡಿ ಕೈಪಿಡಿಯನ್ನು ಪ್ರಕಟಿಸಿತು. ಪದವಿಮರ್ಶೆಯು ನ್ಯಾಯಪೀಠವನ್ನೂ ಮುಟ್ಟಿದ ಮೇಲೆ ಅದನ್ನು ನಿರರ್ಥಕವೆನ್ನಲು ಆಸ್ಪದವಿಲ್ಲ.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕಾಗುತ್ತದೆ. ಸೇವಾಸಂಸ್ಥೆಗಳಲ್ಲಿ ಕೆಲವು, ಧನಸಹಾಯವನ್ನು ಪಡೆಯಲೆಂದು ನೊಂದವರ ಕಥೆಗಳನ್ನು ವೇದಿಕೆಯ ಮೇಲೆ ಹೇಳಿಸುತ್ತವೆ. ಕೇಳುವವರ ಕಣ್ಣು ತೇವವಾಗುತ್ತದೆ, ಹಣವೂ ಬರುತ್ತದೆ; ಹೇಳಿದವಳು ಮಾತ್ರ ಎರಡನೆಯ ಸಲ ಬಟ್ಟಬಯಲಾಗುತ್ತಾಳೆ. ಕಥೆಯು ಆಕೆಯ ಸ್ವತ್ತು. ಹೇಳುವುದೂ ಹೇಳದಿರುವುದೂ ಆಕೆಯ ಹಕ್ಕು. ಸರಕಾರಿ ಕಾಗದಗಳ ‘ಮಾಜಿ ದೇವದಾಸಿ’ ಎಂಬ ಮಾತಿನಲ್ಲಿಯೂ ತೊಡಕುಂಟು. ಮಾಸಾಶನಕ್ಕೆ ಆ ಗುರುತು ಬೇಕು. ಆದರೆ ಬಿಟ್ಟುಬಂದ ಹೆಸರನ್ನೇ ಸಾಯುವವರೆಗೆ ಹೊತ್ತು ತಿರುಗಬೇಕಾಗುತ್ತದೆ. ಅವರ ಮಕ್ಕಳನ್ನು ತಂದೆಯ ಹೆಸರು ಹೇಳೆಂದು ಶಾಲೆ ಕಚೇರಿಗಳು ಕಾಡಿಸಿದವು. ೨೦೨೫ರ ಆಗಸ್ಟಿನಲ್ಲಿ ಕರ್ನಾಟಕದ ವಿಧಾನಮಂಡಲವು ಒಪ್ಪಿದ ಹೊಸ ಮಸೂದೆಯು ಆ ಕಾಟವನ್ನು ತಪ್ಪಿಸಲು ನೋಡಿದೆ. ಇನ್ನು ಪ್ರಶಸ್ತಿಯ ಮಾತು. ಒಬ್ಬರಿಗೆ ಪದಕವನ್ನಿಟ್ಟು ಸಾವಿರಾರು ಮಂದಿಯನ್ನು ಮರೆಯುವುದು ಸಮಾಜಕ್ಕೆ ಸುಲಭ. ತಾನಿಲ್ಲದಾಗಲೂ ವಾಕ್ಯವನ್ನು ಸರಿಯಾಗಿ ಆಡಬಲ್ಲ ನೂರು ಬಾಯಿಗಳನ್ನು ಬೆಳೆಸಿದವರೇ ಇಲ್ಲಿ ನಿಜವಾದ ನಾಯಕರು. ಆ ಅಳತೆಯಿಂದಲೇ ಇಂತಹ ಸಂಸ್ಥೆಗಳನ್ನು ತೂಗಬೇಕು.

ಹಟ್ಟಿಯ ಮಾತಾಯಿತು, ಸುಶಿಕ್ಷಿತರ ಮನೆಯ ಮಾತೂ ಆಗಬೇಕು. ಬಲಾತ್ಕಾರದ ಮೊಕದ್ದಮೆಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿಯು ಪರಿಚಿತನೇ ಆಗಿರುವನೆಂದು ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವರದಿಗಳು ವರುಷ ವರುಷವೂ ಹೇಳುತ್ತಿವೆ. ನೆರೆಯವನು, ನೆಂಟನು, ಕಲಿಸುವವನು, ಕೆಲಸ ಕೊಟ್ಟವನು. ಪತ್ರಿಕೆಯನ್ನು ಮಡಚಿಟ್ಟ ಮಾತ್ರಕ್ಕೆ ಇವರು ಹೊರಗುಳಿಯುವುದಿಲ್ಲ. ಮಗುವಿಗೆ ತನ್ನ ಮೈಯ ಅಂಗಗಳ ಹೆಸರನ್ನೂ ‘ಬೇಡ’ ಎನ್ನುವುದನ್ನೂ ಕಲಿಸದ ಮನೆಯು, ಕೇಡಾದಾಗ ಅದನ್ನು ಹೇಳುವ ಭಾಷೆಯನ್ನೇ ಮಗುವಿನಿಂದ ಕಸಿದುಕೊಂಡಂತೆ. ಮಕ್ಕಳ ಮೇಲಿನ ಇಂತಹ ಅಪರಾಧವು ತಿಳಿದ ಬಳಿಕ ಸುಮ್ಮನಿರುವುದು ೨೦೧೨ರ ಕಾಯಿದೆಯಂತೆ ಅಪರಾಧವೇ ಆಗಿದೆ. ಘಟನೆಯು ಎಲ್ಲಿಯೇ ಆಗಿರಲಿ, ಯಾವ ಠಾಣೆಯಲ್ಲಾದರೂ ಫಿರ್ಯಾದು ಕೊಡಬಹುದು. ಸರಕಾರಿಯಾಗಲಿ ಖಾಸಗಿಯಾಗಲಿ ಯಾವ ಆಸ್ಪತ್ರೆಯಾದರೂ ಉಚಿತವಾಗಿ ಚಿಕಿತ್ಸೆ ಮಾಡಲೇಬೇಕು. ಆಕೆಯ ಹೆಸರನ್ನು ಪ್ರಕಟಿಸುವುದು ಶಿಕ್ಷಾರ್ಹ. ಹೆಂಗಸರಿಗೆ ೧೮೧, ಮಕ್ಕಳಿಗೆ ೧೦೯೮ ಎಂಬ ದೂರವಾಣಿ ಸಂಖ್ಯೆಗಳಿವೆ. ಗೃಹಸ್ಥರು ಪಂಚಾಂಗದ ಹಿಂಬದಿಯಲ್ಲಿ ಇವನ್ನು ಬರೆದಿಟ್ಟುಕೊಂಡರೆ ಪಂಚಾಂಗಕ್ಕೆ ಮೈಲಿಗೆಯಾಗದು.

ಒಂದು ಪದವನ್ನು ನಿಘಂಟಿನಿಂದ ತೆಗೆದುಹಾಕುವುದು ಯಾರಿಂದಲೂ ಆಗದು. ಆದರೆ ಅದನ್ನು ಸರಿಯಾದ ವಿಭಕ್ತಿಯಲ್ಲಿ ಬಳಸಲು ಯಾರೂ ಕಲಿಯಬಹುದು. ‘ಮಾನಭಂಗ’ವೆಂಬ ಮಾತು ಇರಲೇಬೇಕೆಂದಾದರೆ ಇರಲಿ, ಅದು ಕೃತ್ಯವನ್ನು ಮಾಡಿದವನಿಗೆ ಷಷ್ಠಿಯಲ್ಲಿ ಸಲ್ಲಲಿ. ಮಾನ ಮುರಿದದ್ದು ಅವನದು. ಅದನ್ನು ಕಂಡೂ ಸುಮ್ಮನಿದ್ದ ಸಭೆಯದು. ಘಟಪ್ರಭೆಯ ಹೆಂಗಸರು ಹೊಸ್ತಿಲು ಹೊಸ್ತಿಲಿಗೆ ಹೋಗಿ ಕಲಿಸುತ್ತ ಬಂದ ವ್ಯಾಕರಣವು ಇದೇ. ಇಟ್ಟಂಗಿಹಾಳದ ಮನೆಯೊಂದರಲ್ಲಿ ನಾಳೆ ಮಗಳು ಪತ್ರಿಕೆಯನ್ನು ಹಿಡಿದು ಆ ಪದದ ಅರ್ಥವೇನೆಂದು ಕೇಳಿದರೆ, ತಂದೆಯು ಕೆಮ್ಮದೆ, ತಾಯಿಯು ಒಲೆಯ ಕಡೆಗೆ ಹೋಗದೆ, ಇಬ್ಬರೂ ಕುಳಿತು ಆಕೆಗೆ ಉತ್ತರ ಹೇಳತಕ್ಕದ್ದು.